ಐದನೇ ನಂಬರಿನ ಮಿಷನ್ನಿಗೆ ಗಾಳಿ ಬೀಸಿದವರು

ಟೈಪಿಂಗ್ ಮೇಡಂ ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಟೈಪ್‌ರೈಟರಿನ ಕೀಲಿ ಕುಟ್ಟಿ ಕುಟ್ಟಿ ಆದದ್ದು. ಅದೇ ಬೆರಳಿನ ಒಳಬದಿಗೆ, ರೇಖೆಯೆಲ್ಲ ಅಳಿಸಿಹೋಗಿ ಹೊಳೆಯುವ ಒಂದು ಚೂರು ಚರ್ಮವೂ ಇತ್ತು. ಹೊಸದಾಗಿ ಸೇರಿದ ಹುಡುಗಿಯರು ಒಲೆ ಸುಟ್ಟಿತಾ ಮೇಡಂ ಎಂದು ಕೇಳುವರು. "ಒಲೆಗೂ ನನಗೂ ಅಷ್ಟಕ್ಕಷ್ಟೆ ಮಾರಾಯ್ತಿ. ಇದು ಕಂಪ್ಯೂಟರ್ ಸುಟ್ಟಿದ್ದು" ಎನ್ನುವರು. ಕೇಳಿದವರು ತಮಾಷೆ ಅಂದುಕೊಂಡು ನಗುವರು. ನಾನು ನಗುತ್ತಿರಲಿಲ್ಲ. ಆ ಬೆರಳು ಸುಟ್ಟ ದಿನಗಳಲ್ಲಿ ನಾನು ಅಲ್ಲೇ ಇದ್ದೆ.

ಕೊಪ್ಪದ ಪಕ್ಕ ಬಾಳಗಡಿಯಲ್ಲಿ, ಅಂಗಡಿಸಾಲಿನ ಮಹಡಿಯ ಮೇಲೆ ಅವರ ಇನ್‌ಸ್ಟಿಟ್ಯೂಟ್. ಮೊದಲು ಹನ್ನೆರಡು ಟೈಪ್‌ರೈಟರ್ ಇದ್ದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಟೈಪಿಂಗ್ ಕಲಿಯುವವರು ಕಡಿಮೆಯಾದರು. "ಇನ್ನು ಬಾಗಿಲು ಹಾಕಿ, ವಿಶ್ರಾಂತಿ ತಗೊಳ್ಳಿ" ಎಂದು ಊರಿನವರು ಬುದ್ಧಿ ಹೇಳಿದರು. ಐವತ್ತೈದು ದಾಟಿದ, ಮದುವೆಯಾಗದ ಹೆಂಗಸಿಗೆ ಬುದ್ಧಿ ಹೇಳಲು ನಮ್ಮ ಕಡೆ ಯಾರಿಗೂ ಅರ್ಹತೆ ಬೇಕಿಲ್ಲ. ಅವರು ಎಂಟು ಕಂಪ್ಯೂಟರ್ ತರಿಸಿದರು. ತಾವೇ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿಬಂದು ಕಲಿತರು. ಮಿಷನ್ನುಗಳಿಗೆ ಒಂದರಿಂದ ಎಂಟರವರೆಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆದರು. ಟೈಪ್‌ರೈಟರಾಗಲಿ ಕಂಪ್ಯೂಟರಾಗಲಿ, ಅವರ ಬಾಯಲ್ಲಿ ಎಲ್ಲವೂ ಮಿಷನ್ನೇ.

ನಾನು ಅಲ್ಲಿಗೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಗಂಡನ ಮನೆ ಬಿಟ್ಟು ಬಂದು ಒಂದು ವರ್ಷವಾಗಿತ್ತು. ಬಿಟ್ಟದ್ದು ಯಾಕೆ ಅಂತ ಸುತ್ತಿ ಬಳಸಿ ಹೇಳುವ ಅಗತ್ಯ ನನಗಿಲ್ಲ. ಆ ಮನುಷ್ಯ ಹೊಡೆಯುತ್ತಿದ್ದ. ಮುತ್ತಿನಕೊಪ್ಪದಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದವರ ಹತ್ತಿರ ಅಪ್ಪನಿಗೆ ಮಿಷನ್ ಬಿಡುವ ಕೆಲಸ. ಕೆಟ್ಟವನಲ್ಲ ನನ್ನಪ್ಪ, ಹೆದರುಪುಕ್ಕಲ. ದಿನಾ ಗಿರಣಿಗೆ ಬಂದವರೆಲ್ಲ "ಮಗಳು ಇನ್ನೂ ಇಲ್ಲೇ ಇದಾಳಾ?" ಎಂದು ಕೇಳಿ ಕೇಳಿ ಅವನನ್ನು ಅಕ್ಕಿಯ ಜೊತೆಗೇ ನುಣ್ಣಗೆ ಮಾಡಿಬಿಟ್ಟಿದ್ದರು. ಕೊನೆಗೆ ಅವನೊಂದು ಗಡುವು ಹಾಕಿದ. "ಆ ಕಂಪ್ಯೂಟರ್ ಪರೀಕ್ಷೆ ಬರಿ. ಪಾಸಾದ್ರೆ ಎಲ್ಲಾದ್ರೂ ಕೆಲ್ಸ ನೋಡ್ಕ. ಇಲ್ಲ ಅಂದ್ರೆ ದೀಪಾವಳಿ ಕಳೆದ ಮೇಲೆ ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ." ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಹಾಗಾಗಿ ನನ್ನ ಪಾಲಿಗೆ ಅದು ಪರೀಕ್ಷೆಯಾಗಿರಲಿಲ್ಲ. ಆ ಮನೆಗೆ ವಾಪಸ್ ಹೋಗುವುದೋ ಬಿಡುವುದೋ, ಅಷ್ಟೇ.

ಆ ವರ್ಷ ಆಗಸ್ಟ್ ತಿಂಗಳಲ್ಲಿ ಮಿಷನ್ನುಗಳು ಒಂದೊಂದೇ ಮಲಗತೊಡಗಿದವು. ಚಾಲೂ ಮಾಡಿದರೆ ಸರಿಯಾಗಿ ಏಳುವವು, ಅರ್ಧ ಗಂಟೆ, ಮುಕ್ಕಾಲು ಗಂಟೆ ಚೆನ್ನಾಗಿ ನಡೆಯುವವು, ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಟಪ್ಪಂತ ಆರಿಹೋಗುವವು. ಟೈಪ್ ಮಾಡಿದ್ದೆಲ್ಲ ಗೋವಿಂದ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುವವು, ಮತ್ತೆ ಆರುವವು. ಮೊದಲು ಐದನೇ ನಂಬರು, ನಂತರ ಎರಡು, ಏಳು. ತಿಂಗಳ ಕೊನೆಗೆ ಎಂಟಕ್ಕೆ ಆರು ಹೀಗಾದವು.

ಮಾರಿದ ಡೀಲರನ್ನು ಕರೆಸಿದರು. ಆಸಾಮಿ ಶಿವಮೊಗ್ಗದಿಂದ ಬಂದ, ಒಂದು ಮಿಷನ್ನಿನ ಮುಂದೆ ಹತ್ತು ನಿಮಿಷ ಕೂತ, ಕೊಟ್ಟ ಕಾಫಿ ಕುಡಿದ, ತೀರ್ಪು ಹೇಳಿದ. "ಬೋರ್ಡ್ ಹೋಗಿದೆ ಮೇಡಂ. ಆರೂ ಸತ್ತಂಗೆ. ಬದಲಾಯಿಸೋದೇ." ಬಿಸಿಯಾಗುತ್ತಿರಬಹುದಾ ಎಂದು ಮೇಡಂ ಕೇಳಿದರು. ಅವನು ಕಿಟಕಿಯಾಚೆ ಸುರಿಯುತ್ತಿದ್ದ ಮಳೆ ನೋಡಿ ನಕ್ಕ. "ಈ ಥಂಡಿ ಊರಲ್ಲಿ ಮಿಷನ್ ಬಿಸಿ ಆಗುತ್ತಾ? ಹೆಣ್ಮಕ್ಕಳು ಹೆಂಗ್ಹೆಂಗೋ ಒತ್ತಿರ್ತಾರೆ, ಅದಕ್ಕೆ ಹಾಳಾಗಿದೆ." ಅಷ್ಟು ಹೇಳಿ ಛತ್ರಿ ಬಿಚ್ಚಿಕೊಂಡು ಇಳಿದುಹೋದ.

ಅದೇ ವಾರ ಪರೀಕ್ಷೆ ನಡೆಸುವವರಿಂದ ಕಾಗದ ಬಂತು. ಅಕ್ಟೋಬರಿನಲ್ಲಿ ಪರೀಕ್ಷೆ. ಎಂಟು ಕಂಪ್ಯೂಟರೂ ಇಡೀ ದಿನ ನಿಲ್ಲದೆ ನಡೆಯಬೇಕು. ಇಲ್ಲವಾದರೆ ಕೇಂದ್ರವನ್ನು ಚಿಕ್ಕಮಗಳೂರಿಗೆ ವರ್ಗಾಯಿಸುವುದು. ನಾವು ಪರೀಕ್ಷೆಗೆ ಕೂರಬೇಕಿದ್ದವರು ಹದಿನಾರು ಜನ, ಅದರಲ್ಲಿ ಹನ್ನೊಂದು ಹುಡುಗಿಯರು. ಚಿಕ್ಕಮಗಳೂರು ಅಂದರೆ ಹಿಂದಿನ ದಿನವೇ ಹೋಗಿ ಉಳಿಯಬೇಕು. ನೆಮ್ಮಾರಿನಿಂದ ಬರುತ್ತಿದ್ದ ಹುಡುಗಿಯ ಮನೆಯಲ್ಲಿ ಕೇಳುವ ಮೊದಲೇ ಬೇಡ ಎಂದರಂತೆ. ನನ್ನಪ್ಪ "ಹೋಗ್ಲಿ ಬಿಡು, ಅಲ್ಲಿಗೆ ಮುಗೀತು" ಎಂದ. ಅವನ ಮುಖದಲ್ಲಿ ಒಂಥರಾ ನಿರಾಳ ಕಂಡಿತು. ಆ ನಿರಾಳಕ್ಕೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಾರನೇ ದಿನ ನಾನು ಹೋಗಿ ಮೇಡಂ ಮುಂದೆ ನಿಂತೆ, ನಾಳೆಯಿಂದ ಬರುವುದಿಲ್ಲ ಎಂದು ಹೇಳಲಿಕ್ಕೆ. ಅವರು ಕನ್ನಡಕ ಮೂಗಿನ ತುದಿಗಿಳಿಸಿ, ಮಿಷನ್ನಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನೂ ಒಂದು ಡಿಕ್ಷನರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ತಲೆ ಎತ್ತದೆ ಕೇಳಿದರು, "ಸತ್ತ ಹಸು ಎದ್ದು ಅರ್ಧ ಗಂಟೆ ಮೇದು ಮತ್ತೆ ಸಾಯ್ತದಾ?"

"ಇಲ್ಲ ಮೇಡಂ."

"ಮತ್ತೆ? ಇವು ಸತ್ತಿಲ್ಲ. ಸುಸ್ತಾಗಿದಾವೆ. ಸುಸ್ತು ಬೇರೆ, ಸಾವು ಬೇರೆ. ಆ ಮನುಷ್ಯನಿಗೆ ವ್ಯತ್ಯಾಸ ಗೊತ್ತಿಲ್ಲ. ಕೂತ್ಕೋ, ಹೋಗೋದು ಗೀಗೋದು ಆಮೇಲೆ."

ಆ ಪುಸ್ತಕದಲ್ಲಿ ಅವರಿಗೆ ಬೇಕಾದ ಪುಟ ಸಿಕ್ಕಿತ್ತು. ಮಿಷನ್ ಚಾಲೂ ಆಗುವಾಗ ಡಿಲೀಟ್ ಕೀಲಿ ಒತ್ತಿ ಹಿಡಿದರೆ ಒಂದು ನೀಲಿ ಪರದೆ ಬರುತ್ತದೆ. ಅದರೊಳಗೆ ಒಂದು ಕಡೆ ಪ್ರೊಸೆಸರಿನ ಉಷ್ಣತೆ ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಯೋಚನೆಯೆಲ್ಲ ನಡೆಯುವ ಪುಟ್ಟ ಬಿಲ್ಲೆ. ಮಿತಿ ಮೀರಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ಮಿಷನ್ ತಾನೇ ಆರಿಕೊಳ್ಳುತ್ತದೆ. ನಾವಿಬ್ಬರೂ ಐದನೇ ನಂಬರನ್ನು ಆರುವ ತನಕ ನಡೆಸಿ, ತಕ್ಷಣ ಚಾಲೂ ಮಾಡಿ ನೋಡಿದೆವು. ಎಪ್ಪತ್ತೆಂಟು.

ಮೇಡಂ ಆ ಅಂಕಿಯನ್ನು ನೋಡಿದರು. ಆಮೇಲೆ ಮಿಷನ್ನಿನ ಮೈಮೇಲಿದ್ದ ಅಂಗಿಯನ್ನು ನೋಡಿದರು.

ಅಂಗಿಯ ವಿಷಯ ಹೇಳಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಇಲ್ಲ. ಚಪ್ಪಲಿಗೆ, ಪುಸ್ತಕಕ್ಕೆ, ಮದುವೆ ಫೋಟೋಕ್ಕೆ, ಎಲ್ಲಕ್ಕೂ. ಅದಕ್ಕೆ ಬೀರುವಿನೊಳಗೆ ಒಂದು ಸಣ್ಣ ಬಲ್ಬು ಉರಿಸಿ ಬಾಗಿಲು ಹಾಕಿಡುವುದು ಅನೇಕ ಮನೆಗಳ ರೂಢಿ. ಟೈಪ್‌ರೈಟರಿನ ಕಾಲದಿಂದಲೂ ಮೇಡಂ ಅವರ ಮೊದಲ ಪಾಠವೇ "ಮಿಷನ್ ಮುಚ್ಚದೆ ಎದ್ದವರು ನಾಳೆ ಬರಬೇಡಿ" ಎಂಬುದು. ಹಾಗಾಗಿ ಆ ವರ್ಷ ಮಳೆ ಶುರುವಾಗುವ ಮೊದಲು ಅವರು ಎಂಟೂ ಕಂಪ್ಯೂಟರ್ ಡಬ್ಬಗಳಿಗೆ ತಾವೇ ಅಳತೆ ತೆಗೆದು ರೆಕ್ಸಿನ್ ಅಂಗಿ ಹೊಲಿದಿದ್ದರು. ಒಳಗೆ ಹಳೇ ಕಂಬಳಿಯ ಅಸ್ತರ್. ವಯರು ಬರಲು ತೂತು, ಅಂಚಿಗೆ ಕೆಂಪು ಪಟ್ಟಿ. ನಡೆಯುವಾಗಲೂ ಅಂಗಿ ತೆಗೆಯುವಂತಿರಲಿಲ್ಲ. ಮೇಜಿನ ಕೆಳಗೆ ಡಬ್ಬ ಇಡುವ ಗೂಡಿಗೆ ಬಾಗಿಲು, ಗೂಡಿನೊಳಗೆ ಒಂದೊಂದು ಜೀರೋ ಬಲ್ಬು. ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ಮಕ್ಕಳಿಗೆ ಸ್ವೆಟರ್ ಹಾಕಿದ ಹಾಗಿದೆ ಎಂದಿದ್ದೆ ನಾನೇ.

ಅಂಗಿ ತೆಗೆದು, ಬಲ್ಬು ಆರಿಸಿ, ಗೂಡಿನಿಂದ ಹೊರಗಿಟ್ಟು ಮತ್ತೆ ನಡೆಸಿದೆವು. ಅರವತ್ತೊಂಬತ್ತು.

ಬೇರೆ ಯಾರಾದರೂ ಆಗಿದ್ದರೆ ಅಂಗಿಗಳನ್ನು ಗುಟ್ಟಾಗಿ ಮೂಲೆಗೆ ತಳ್ಳಿ, ಡೀಲರನನ್ನು ಬೈದುಕೊಂಡು ಇರುತ್ತಿದ್ದರು. ಇವರು ಮರುದಿನ ಬೆಳಿಗ್ಗೆ ಹದಿನಾರೂ ಜನರನ್ನು ನಿಲ್ಲಿಸಿಕೊಂಡರು. "ಮಿಷನ್ ಹಾಳು ಮಾಡಿದ್ದು ನೀವಲ್ಲ. ನಾನು. ಉಸಿರಾಡೋ ವಸ್ತುವಿಗೆ ಕಂಬಳಿ ಹೊದೆಸಿ ಬಾಗಿಲು ಹಾಕಿದೆ. ತಪ್ಪು ನನ್ನದು." ಅಷ್ಟು ಹೇಳಿ ಕತ್ತರಿ ತಗೊಂಡು ನಮ್ಮೆದುರಿಗೇ ಎಂಟೂ ಅಂಗಿಗಳ ಹೊಲಿಗೆ ಬಿಚ್ಚಿದರು. ರೆಕ್ಸಿನ್ನನ್ನು ಬಾಗಿಲ ಬಳಿ ಕಾಲೊರಸಾಗಿ ಹಾಸಿದರು. "ಒಳಗೆ ಬರುವಾಗೆಲ್ಲ ನನ್ನ ತಪ್ಪಿನ ಮೇಲೆ ಕಾಲು ಒರೆಸಿಕೊಂಡು ಬನ್ನಿ." ನಮಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮೊದಲು ಒರೆಸಿದವರು ಅವರೇ. ಅಪ್ಪ, ಮೇಷ್ಟ್ರು, ಗಂಡ, ಯಾರ ಬಾಯಲ್ಲೂ ಅಲ್ಲಿಯವರೆಗೆ "ತಪ್ಪು ನನ್ನದು" ಎಂಬ ಮಾತನ್ನು ನಾನು ಕೇಳಿರಲಿಲ್ಲ.

ಆಮೇಲಿನ ಆರು ವಾರ ಅದು ಇನ್‌ಸ್ಟಿಟ್ಯೂಟ್ ಆಗಿರಲಿಲ್ಲ, ಆಸ್ಪತ್ರೆಯಾಗಿತ್ತು. ಡಬ್ಬಗಳ ಪಕ್ಕದ ತಗಡು ಬಿಚ್ಚಿದೆವು. ಪ್ರೊಸೆಸರಿನ ಮೇಲೆ ಹೀಟ್ ಸಿಂಕ್ ಎಂಬ ಅಲ್ಯೂಮಿನಿಯಂ ಗಟ್ಟಿ ಕೂತಿರುತ್ತದೆ, ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಸಾಲು ತೆಳ್ಳನೆ ರೆಕ್ಕೆಗಳು. ಅದರ ಮೇಲೊಂದು ಪುಟ್ಟ ಫ್ಯಾನು. ರೆಕ್ಕೆಗಳ ಸಂದಿಯಲ್ಲಿ ಧೂಳು ಮಳೆಗಾಲದ ತೇವ ಕುಡಿದು ಗಟ್ಟಿ ಹಪ್ಪಳವಾಗಿತ್ತು. ಟೈಪ್‌ರೈಟರಿನ ಅಕ್ಷರ ಉಜ್ಜುವ ಬ್ರಷ್ಷುಗಳು ಡಜನ್‌ಗಟ್ಟಲೆ ಇದ್ದವಲ್ಲ, ಅವು ಉಪಯೋಗಕ್ಕೆ ಬಂದವು. ಪ್ರೊಸೆಸರಿಗೂ ಗಟ್ಟಿಗೂ ನಡುವೆ ಹಚ್ಚುವ ಬಿಳಿ ಪೇಸ್ಟು ಒಣಗಿ ಸುಣ್ಣವಾಗಿತ್ತು. ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ ಕೊಟ್ಟು ಶಿವಮೊಗ್ಗದ ಇನ್ನೊಂದು ಅಂಗಡಿಯಿಂದ ಹೊಸದು ತರಿಸಿದರು. ನಾನು ಮೊದಲ ಸಲ ಧಾರಾಳವಾಗಿ ಬಳಿದೆ. "ದೋಸೆಗೆ ಬೆಣ್ಣೆ ಸವರ್ತಿದೀಯೇನೇ? ಅಕ್ಕಿ ಕಾಳಿನಷ್ಟು ಸಾಕು. ಜಾಸ್ತಿ ಆದ್ರೆ ಅದೇ ಇನ್ನೊಂದು ಕಂಬಳಿ!" ಎಂದು ಸ್ಕೇಲಿನಿಂದ ಮೇಜು ಕುಟ್ಟಿದರು.

ಒಂದು ಉದ್ದ ನೋಟ್‌ಬುಕ್ಕಿಗೆ "ಜ್ವರದ ಪುಸ್ತಕ" ಎಂದು ಹೆಸರಿಟ್ಟರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪ್ರತಿ ಮಿಷನ್ನಿನ ಉಷ್ಣತೆ ಅದರಲ್ಲಿ. ಆದರೆ ನೀಲಿ ಪರದೆ ನೋಡಬೇಕಾದರೆ ಪ್ರತಿ ಸಲ ಮಿಷನ್ ಆರಿಸಿ ಏಳಿಸಬೇಕು. ಪರೀಕ್ಷೆಯ ನಡುವೆ ಅದು ಆಗದ ಮಾತು. ಅದಕ್ಕೆ ಅವರು ಬೆರಳನ್ನು ಪಳಗಿಸಿದರು. ಹೀಟ್ ಸಿಂಕಿನ ಅಂಚಿಗೆ ತೋರುಬೆರಳು ಒತ್ತಿ, ಒಂದು, ಎರಡು, ಮೂರು ಎಂದು ನಿಧಾನ ಎಣಿಸುವುದು. ಕೂಡಲೇ ಆರಿಸಿ ಏಳಿಸಿ ಪರದೆಯ ಅಂಕಿ ನೋಡುವುದು, ಎರಡನ್ನೂ ಬರೆಯುವುದು. ಹತ್ತರವರೆಗೆ ತಡೆದುಕೊಂಡರೆ ಐವತ್ತೈದರ ಒಳಗೆ. ಐದಕ್ಕೇ ಕಿತ್ತರೆ ಅರವತ್ತೈದರ ಆಸುಪಾಸು. ಎರಡಕ್ಕೇ ಕಿತ್ತರೆ ಮಿಷನ್ ಇನ್ನೇನು ಆರುತ್ತದೆ ಎಂದರ್ಥ. ನೂರಾರು ಸಲ ಹೀಗೆ ಮಾಡಿದರು. ನಾವು ಬೇಡವೆಂದರೆ, "ಬೇಯಿಸಿದವಳು ನಾನು, ಬಿಸಿನೂ ನಾನೇ ನೋಡ್ತೇನೆ" ಎಂದು ಗದರುವರು.

ಏಳು ಮಿಷನ್ನುಗಳು ದಾರಿಗೆ ಬಂದವು. ಐದನೇ ನಂಬರು ಮಾತ್ರ ಬಗ್ಗಲಿಲ್ಲ. ಅದರ ಫ್ಯಾನು ಸೋತಿತ್ತು, ಜೀರುಂಡೆಯ ಹಾಗೆ ಕಿರಗುಟ್ಟುತ್ತ ನಿಧಾನ ತಿರುಗುತ್ತಿತ್ತು. ಅದೇ ಅಳತೆಯ ಫ್ಯಾನು ಪರೀಕ್ಷೆಯೊಳಗೆ ಸಿಗುವುದಿಲ್ಲ ಎಂದರು ಶಿವಮೊಗ್ಗದ ಅಂಗಡಿಯವರು. ಪಕ್ಕದಲ್ಲಿ ಮೇಜಿನ ಫ್ಯಾನ್ ಇಟ್ಟು ತಗಡು ತೆರೆದಿಟ್ಟರೆ ಅರವತ್ತೆರಡರಲ್ಲಿ ನಿಲ್ಲುತ್ತಿತ್ತು. ಪರೀಕ್ಷೆಗೆ ಆ ಮಿಷನ್ ಯಾರಿಗೆ? ಚೀಟಿ ಎತ್ತಿದರು. ನನ್ನ ಹಣೆಬರಹ, ನನಗೇ ಬಂತು. ಮಧ್ಯಾಹ್ನದ ತಂಡ, ಐದನೇ ನಂಬರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಮೇಲ್ವಿಚಾರಕರು ಬಾಗಿಲಲ್ಲೇ ನಿಂತುಬಿಟ್ಟರು. "ಇದೇನ್ ಮೇಡಂ, ಎಲ್ಲಾ ಹೊಟ್ಟೆ ಬಗೆದು ಇಟ್ಟಿದೀರಿ? ಮುಚ್ಚಿಸಿ. ಹಿಂಗೆಲ್ಲ ಪರೀಕ್ಷೆ ನಡೆಸೋಕಾಗಲ್ಲ."

"ಮುಚ್ಚಿದ್ರೆ ಆರ್ತದೆ ಸಾರ್."

"ಹಾಗಾದ್ರೆ ನಿಮ್ಮ ಮಿಷನ್ನೇ ಸರಿಯಿಲ್ಲ ಅಂತಾಯ್ತು. ನಾನು ಹಾಗಂತ ಬರೀಬೇಕಾಗುತ್ತೆ."

ಮೇಡಂ ಜ್ವರದ ಪುಸ್ತಕ ಬಿಚ್ಚಿ ಅವರ ಕೈಗಿಟ್ಟರು. "ಆರು ವಾರದ್ದು ಇದೆ. ಓದಿ. ಓದಿದ ಮೇಲೂ ಮುಚ್ಚಿ ಅಂದ್ರೆ, ಅದನ್ನೂ ಬರೆದುಕೊಡಿ. ಆರಿದ್ರೆ ಯಾರು ಮುಚ್ಚಿಸಿದ್ದು ಅಂತ ನಾಳೆ ನಾನು ತೋರಿಸಬೇಕಲ್ಲ." ಆ ಮನುಷ್ಯ ಪುಟ ತಿರುವಿದರು, ಬೆವರೊರೆಸಿಕೊಂಡರು. ಕೊನೆಗೆ, ಏನಾದರೂ ಆದರೆ ಹೊಣೆ ತಮ್ಮದೇ, ಕೇಂದ್ರ ರದ್ದಾದರೆ ತಕರಾರಿಲ್ಲ ಎಂದು ಮೇಡಂ ಅವರಿಂದ ಬರೆಸಿಕೊಂಡು ಒಪ್ಪಿದರು. ಮೇಡಂ ಅದಕ್ಕೆ ಸಹಿ ಹಾಕಿದ ರಭಸಕ್ಕೆ ಕಾಗದ ಹರಿಯಿತು, ಇನ್ನೊಂದು ಬರೆಯಬೇಕಾಯಿತು.

ಬೆಳಗಿನ ತಂಡ ಸುಸೂತ್ರ ಮುಗಿಯಿತು. ನಮ್ಮದು ಎರಡು ಗಂಟೆಗೆ ಶುರು. ಅರ್ಧ ಗಂಟೆಯಾಗಿರಬೇಕು, ಗುಡುಗಿತು, ಕರೆಂಟು ಹೋಯಿತು. ಶಾಮಿಯಾನದವರ ಹತ್ತಿರ ಬಾಡಿಗೆಗೆ ತಂದ ಜನರೇಟರ್ ಕೆಳಗೆ ಸಿದ್ಧವಿತ್ತು. ಕಂಪ್ಯೂಟರುಗಳಿಗೆ ಜೋಡಿಸಿದ್ದ ಬ್ಯಾಟರಿ ಮುಗಿಯುವ ಮೊದಲೇ ಅದು ಗುಡುಗುಡು ಎಂದು ಎದ್ದಿತು. ಆದರೆ ಅದರ ತಾಕತ್ತು ಎಂಟು ಕಂಪ್ಯೂಟರಿಗಷ್ಟೇ. ಲೈಟು, ಫ್ಯಾನು ಯಾವುದೂ ಇಲ್ಲ. ನನ್ನ ಪಕ್ಕದ ಮೇಜಿನ ಫ್ಯಾನು ನಿಂತಿತು.

ಮೇಡಂ ಬಂದು ಬಗ್ಗಿ ಬೆರಳಿಟ್ಟರು. ನಾನು ಟೈಪ್ ಮಾಡುತ್ತಲೇ ಮನಸ್ಸಿನಲ್ಲಿ ಎಣಿಸಿದೆ. ಮೂರಕ್ಕೆ ಕಿತ್ತರು. ಪರೀಕ್ಷೆಗೆ ಟೈಪ್ ಮಾಡಬೇಕಿದ್ದದ್ದು ಒಂದು ಕಾಗದ, ಒಂದು ಅಂಕಿಗಳ ಪಟ್ಟಿ; ನಾನು ಕಾಗದದ ಅರ್ಧದಲ್ಲಿದ್ದೆ, ಪಟ್ಟಿ ಇನ್ನೂ ಶುರುವೇ ಮಾಡಿರಲಿಲ್ಲ. ಗಂಡನ ಮನೆಯ ಅಡುಗೆಕೋಣೆಯ ಬಾಗಿಲು ಕಣ್ಣಿಗೆ ಕಟ್ಟಿತು, ಸುಳ್ಳಲ್ಲ. ಅಷ್ಟರಲ್ಲಿ ಮೇಡಂ ಹಾಜರಿ ಪುಸ್ತಕದ ರಟ್ಟನ್ನು ಚರ್ರೆಂದು ಕಿತ್ತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಿಷನ್ನಿನ ಮುಂದೆ ನೆಲದಲ್ಲಿ ಮಂಡಿಯೂರಿ ಕೂತು ಬೀಸತೊಡಗಿದರು.

"ಮೇಡಂ, ನೀವು ಅಭ್ಯರ್ಥಿ ಹತ್ತಿರ ಇರೋ ಹಾಗಿಲ್ಲ" ಎಂದರು ಮೇಲ್ವಿಚಾರಕರು.

"ನಾನು ಅವಳ ಹತ್ತಿರ ಇಲ್ಲ ಸಾರ್, ಮಿಷನ್ ಹತ್ತಿರ ಇದೇನೆ. ಅನುಮಾನ ಇದ್ರೆ ನನ್ನ ಬಾಯಿಗೆ ಬಟ್ಟೆ ಕಟ್ಟಿ. ಬೀಸೋದು ಮಾತ್ರ ನಿಲ್ಲಿಸಲ್ಲ." ಹಾಗೆಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಪರದೆಯೂ ಕಾಣದ, ನಾನೂ ಕಾಣದ ಹಾಗೆ.

ಒಂದೂವರೆ ಗಂಟೆ. ಮಂಡಿನೋವಿಗೆ ಮೆಟ್ಟಿಲು ಹತ್ತಲೂ ಕಷ್ಟಪಡುತ್ತಿದ್ದ ಹೆಂಗಸು ನೆಲದ ಮೇಲೆ ಮಂಡಿಯೂರಿ, ಗೋಡೆ ನೋಡುತ್ತ, ಒಂದೂವರೆ ಗಂಟೆ ಬೀಸಿದರು. ಬಲಗೈ ಸೋತರೆ ಎಡಗೈ. ಆಗಾಗ ಬೆರಳಿಟ್ಟು ಎಣಿಸುವರು, ಮತ್ತೆ ಬೀಸುವರು. ರಟ್ಟಿನ ಪಟ್ ಪಟ್ ಸದ್ದು ನನ್ನ ಕಾಲಿನ ಹತ್ತಿರವೇ. ನನಗೆ ಅಳು ಉಕ್ಕಿ ಬಂತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಅಳುತ್ತಲೇ ಟೈಪ್ ಮಾಡಿದೆ. ಅರ್ಧದ ಮೇಲೆ ಆ ಮೇಲ್ವಿಚಾರಕರೇ ತಮ್ಮ ಕುರ್ಚಿಯನ್ನು ಎತ್ತಿ ತಂದು ಅವರ ಪಕ್ಕ ಇಟ್ಟರು. ಮೇಡಂ ಕೂರಲಿಲ್ಲ. ಕೂತರೆ ಗಾಳಿ ಸರಿಯಾಗಿ ತಾಗುವುದಿಲ್ಲ ಎಂದರು.

ಮಿಷನ್ ಆರಲಿಲ್ಲ. ಎಂಟರಲ್ಲಿ ಒಂದೂ ಆರಲಿಲ್ಲ. ಹದಿನಾರು ಜನರಲ್ಲಿ ಹದಿನಾಲ್ಕು ಜನ ಪಾಸಾದೆವು. ಉಳಿದಿಬ್ಬರು ಓದಿರಲಿಲ್ಲ, ಅದಕ್ಕೆ ಯಾರು ಎಷ್ಟು ಬೀಸಿದರೂ ಪ್ರಯೋಜನವಿರಲಿಲ್ಲ.

ಪಾಸಾದರೆ ಮುಗಿಯಿತಾ? ಇಲ್ಲ. ದೀಪಾವಳಿ ಕಳೆದ ಮೇಲೆ ಗಂಡನ ಕಡೆಯವರು ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಮನೆಗೆ ಬಂದರು. ಅಪ್ಪನ ಧೈರ್ಯ ಉಡುಗಿತು. ಮರುದಿನ ಬಾಳಗಡಿಗೆ ಬಂದು ಮೇಡಂ ಎದುರು ಟೋಪಿ ತೆಗೆದು ನಿಂತ. "ಮೇಡಮ್ಮೋರೆ, ಮಗಳನ್ನ ಕಳಿಸಿಕೊಡಬೇಕು ಅಂತಿದೀನಿ. ಸಂಬಂಧ ಮಾಡಿದ್ದು ತಪ್ಪಾಯ್ತು, ಒಪ್ಕೋತೀನಿ. ಆದ್ರೆ ಎಂತ ಮಾಡೋದು, ಹೊಂದ್ಕೊಂಡು ಹೋಗ್ಬೇಕು."

ಮೇಡಂ ಅವನಿಗೆ ಕುರ್ಚಿ ಕೊಟ್ಟು, ತಾವು ನಿಂತೇ ಹೇಳಿದರು. "ತಪ್ಪು ಎಲ್ಲರೂ ಮಾಡ್ತಾರೆ. ನಾನೂ ಮಾಡಿದೆ, ಎಂಟು ಮಿಷನ್ ಬೇಯಿಸಿದೆ. ಗೊತ್ತಾದ ಮೇಲೆ ಕಂಬಳಿ ತೆಗೆದೆ. ನೀವು ತಪ್ಪು ಅಂತ ಗೊತ್ತಾದ ಮೇಲೂ ಮಗಳನ್ನ ಅದರೊಳಗೇ ತುರುಕಿ ಬಾಗಿಲು ಹಾಕ್ತೀನಿ ಅಂತೀರಲ್ಲ, ಅದು ಯಾವ ನ್ಯಾಯ? ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇವಳು ಇಲ್ಲಿ ಪಾಠ ಶುರು ಮಾಡ್ತಾಳೆ. ಕರ್ಕೊಂಡು ಹೋಗೋರು ಯಾರಿದ್ರೂ ನನ್ನ ಹತ್ರ ಕಳಿಸಿ. ನಾನು ಮಾತಾಡ್ತೇನೆ."

ನನಗೆ ಪಾಠ ಮಾಡುವ ಕೆಲಸ ಕೊಟ್ಟಿದ್ದಾರೆಂದು ನನಗೂ ಗೊತ್ತಾದದ್ದು ಆಗಲೇ. ಅಪ್ಪ ಟೋಪಿ ಹಾಕಿಕೊಂಡು ಬಸ್ಸಿಗೆ ಹೋದ. ಕರೆದುಕೊಂಡು ಹೋಗಲು ಯಾರೂ ಬಾಳಗಡಿಯ ಆ ಮೆಟ್ಟಿಲು ಹತ್ತಲಿಲ್ಲ.

ನಾಲ್ಕು ವರ್ಷ ಅವರ ಜೊತೆ ಪಾಠ ಮಾಡಿದೆ. ಆಮೇಲೆ ಅವರಿಗೆ ಕಿಡ್ನಿ ಕೈಕೊಟ್ಟಿತು. ಶಿವಮೊಗ್ಗದ ಆಸ್ಪತ್ರೆಗೆ ನೋಡಲು ಹೋದರೆ, "ಹತ್ತು ಗಂಟೆ ಕ್ಲಾಸು ಯಾರು ತಗೋತಾರೆ?" ಎಂದು ಬೈದರು. ಕೃತಜ್ಞತೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಆ ಬೈಗುಳಕ್ಕೆ ಅದೆಲ್ಲ ಮರೆತೇಹೋಯಿತು. ಬದಲಿಗೆ ಆ ವಾರ ಮನೆಯಲ್ಲಿ ನಡೆದದ್ದು ಹೇಳಿದೆ. ಗಂಡನ ಕಡೆಯವರು ಮತ್ತೆ ಬಂದಿದ್ದರು. ಅಪ್ಪ ಬಾಗಿಲಲ್ಲೇ ನಿಂತು, ಕೂರಿ ಎಂದೂ ಹೇಳದೆ, "ನನ್ನ ಮಗಳು ಬರಲ್ಲ, ನಾನು ಕಳಿಸಲ್ಲ" ಎಂದು ಹಿಂದಕ್ಕೆ ಕಳಿಸಿದ್ದ.

ಮೇಡಂ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು. "ಅಷ್ಟು ಹೇಳಕ್ಕೆ ನಾಲ್ಕು ವರ್ಷ ಬೇಕಾಯ್ತಾ ಪುಣ್ಯಾತ್ಮನಿಗೆ?" ಎಂದು ನಕ್ಕರು. ಮೂರನೇ ದಿನ ಹೋಗಿಬಿಟ್ಟರು.

ಈಗ ನರಸಿಂಹರಾಜಪುರದಲ್ಲಿ ನನ್ನದೇ ರಿಪೇರಿ ಅಂಗಡಿ ಇದೆ. ಬಂದವರು ನನ್ನನ್ನು ದಾಟಿ ಒಳಗೆ ಇಣುಕಿ "ಯಜಮಾನ್ರು ಇಲ್ವಾ?" ಎಂದು ಕೇಳುವುದುಂಟು. ನಾನೇ, ಏನು ಬೇಕು ಹೇಳಿ ಎನ್ನುತ್ತೇನೆ. ಆ ಮನೆಗೆ ನಾನು ವಾಪಸ್ ಹೋಗಲಿಲ್ಲ. ಇವಳಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತು ಎಂದು ಊರಲ್ಲಿ ಯಾರಾದರೂ ಕೇಳಿದರೆ, ಬಾಳಗಡಿಯ ಟೈಪಿಂಗ್ ಮೇಡಂ ಕೊಟ್ಟದ್ದು ಎಂದು ಹೇಳಿ.